ಶೂಟಿಂಗ್ ನಿಲ್ಲಿಸಿ ತೋಟ ನೆನೆಸಿದ ಕ್ಯಾಮೆರಾಮನ್

ಬಾಳೂರಿನ ರಸ್ತೆ ತಿರುವಿನಲ್ಲಿ ಬೆಳಗಿನ ಮಂಜು ಇನ್ನೂ ನೆಲ ಬಿಟ್ಟಿಲ್ಲ. ಮದುವೆ ಗೊತ್ತಾಗಿರುವ ಜೋಡಿಯೊಂದು ಸಿಲ್ವರ್ ಓಕ್ ಮರಗಳ ನಡುವೆ ನಿಂತು ನಡುಗುತ್ತಿದೆ. ಹುಡುಗ ಜಾವಳಿಯವನು, ಯಾರದೋ ಕೋಟು ತೊಟ್ಟು ಬಂದಿದ್ದಾನೆ. ಹುಡುಗಿ ಗಗನಾ ಚಪ್ಪಲಿ ಬಿಟ್ಟು ಒದ್ದೆ ಹುಲ್ಲಿನ ಮೇಲೆ ನಿಂತಿದ್ದಾಳೆ, ನಿಂತಲ್ಲೇ ಕಾಲು ಬದಲಿಸುತ್ತಿದ್ದಾಳೆ. ಅವರೆದುರು ಕ್ಯಾಮೆರಾ ಇಟ್ಟುಕೊಂಡಿರುವ ರೇಣುಕಪ್ರಸಾದ್ ಅವರಿಗೆ ಮಾತ್ರ ಯಾವ ಗಡಿಬಿಡಿಯೂ ಇಲ್ಲ. ಆಗಾಗ ಎಡಗೈ ಮುಂದೆ ಚಾಚುತ್ತಾರೆ, ಅಂಗೈ ಮೇಲೆ ಬೆಳಕು ಎಷ್ಟು ಬಿದ್ದಿದೆ ಎಂದು ನೋಡುತ್ತಾರೆ, ಮತ್ತೆ ಕೈಯನ್ನು ಜೇಬಿಗೆ ಸೇರಿಸುತ್ತಾರೆ.

"ಸರ್, ಈಗ ತೆಗೀಬಹುದಲ್ಲ?" ಹುಡುಗ ಕೇಳುತ್ತಾನೆ.

"ಸ್ವಲ್ಪ ತಡೀರಿ ಮಾರಾಯ್ರೆ. ಈಗ ತೆಗೆದ್ರೆ ನಿಮ್ಮ ಕೋಟು ಚೆನ್ನಾಗಿ ಬರ್ತದೆ, ಇವರ ಮುಖ ಬರಲ್ಲ. ಇವರು ಮದುವೆ ಆಗ್ತಿರೋದು ಕೋಟನ್ನಲ್ವಲ್ಲ."

ಗಗನಾ ನಗುತ್ತಾಳೆ. ಅಷ್ಟು ಹೊತ್ತಿಗೆ ಮಂಜು ತುಸು ಸರಿದು ಮರಗಳ ಸಂದಿಯಿಂದ ಎಳೆ ಬಿಸಿಲು ಇಳಿಯುತ್ತದೆ. ಅಲ್ಲಿಯವರೆಗೆ ಸೋಮಾರಿಯಂತೆ ಕಂಡ ಮನುಷ್ಯ ಈಗ ಬೇರೆಯೇ ಆಗಿಬಿಡುತ್ತಾರೆ. ಮೊಣಕಾಲೂರಿ, ಬಗ್ಗಿ, ಚರಂಡಿಗೆ ಇಳಿದು, ಒಂದು ಮಾತೂ ಆಡದೆ ಕೆಲಸ ಮುಗಿಸುತ್ತಾರೆ. ಜೀಪು ಹತ್ತುವ ಮುಂಚೆ ಗಗನಾ ತಿರುಗಿ ನಿಂತು, "'ಕೆಳಗಿನ ತೋಟ' ಪಿಚ್ಚರ್ ತೆಗೆದೋರು ನೀವೇ ಅಂತೆ? ಆ ಕಾಫಿ ಹೂವಿನ ಸೀನು?" ಎಂದು ಕೇಳುತ್ತಾಳೆ.

"ಹೌದಮ್ಮ. ನೋಡಿದ್ರಾ?"

"ಥಿಯೇಟರಿಗೆ ಹೋಗೋದರೊಳಗೆ ಎತ್ತಿಬಿಟ್ಟಿದ್ರು. ಆ ಸೀನು ಮಾತ್ರ ಫೋನಲ್ಲಿ ನೋಡಿದೀನಿ."

"ಅಷ್ಟಾದ್ರೂ ನೋಡಿದ್ರಲ್ಲ" ಎಂದು ಪ್ರಸಾದ್ ಸ್ಟ್ಯಾಂಡು ಮಡಚುತ್ತಾರೆ. ಅವರ ದನಿಯಲ್ಲಿ ದೂರು ಇರಲಿಲ್ಲ. ಅವರ ಬಗ್ಗೆ ಬರೆಯಲು ಬಂದಿದ್ದ ನನಗೇ ಸ್ವಲ್ಪ ಸಂಕಟವಾಯಿತು.

ಈ ಗುಡ್ಡಗಳಲ್ಲಿ ಮದುವೆ, ನಾಮಕರಣ, ಗೃಹಪ್ರವೇಶ ಎಂದರೆ ಪ್ರಸಾದ್ ಇರಲೇಬೇಕು. ಆದರೆ ಚಿತ್ರಮಂದಿರದ ಪರದೆಗೆ ಒಂದು ಇಡೀ ಸಿನಿಮಾವನ್ನು ಕಟ್ಟಿಕೊಟ್ಟ ಛಾಯಾಗ್ರಾಹಕ ಇವರೇ ಎಂದು ಮೂಡಿಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ಕೂಡ ಬಹಳ ಜನಕ್ಕೆ ಗೊತ್ತಿಲ್ಲ. ತಂದೆ ಏಕಾಂತಪ್ಪನವರದು ಪೇಟೆಯಲ್ಲಿ ಗಂಬೂಟು, ಟಾರ್ಪಾಲು, ಕೊಡೆ ಮಾರುವ ಅಂಗಡಿ. ಮಗ ಗಲ್ಲಾಪೆಟ್ಟಿಗೆ ಹಿಂದೆ ಕೂರುತ್ತಾನೆ ಎಂದುಕೊಂಡಿದ್ದರು. ಮಗ ಬೆಂಗಳೂರಿಗೆ ಹೋಗಿ ದೊಡ್ಡ ಕ್ಯಾಮೆರಾಮನ್ನರ ಹಿಂದೆ ಲೆನ್ಸಿನ ಪೆಟ್ಟಿಗೆ ಹೊತ್ತು, ಫೋಕಸ್ ತಿರುಗಿಸಿ, ವರ್ಷಗಟ್ಟಲೆ ಬೇರೆಯವರ ಶಾಟಿಗೆ ಬೆನ್ನು ಬಗ್ಗಿಸಿದರು. ಸ್ವಂತ ಸಿನಿಮಾ ಸಿಗದೆ ಊರಿಗೆ ಬಂದು ಮದುವೆ ವಿಡಿಯೊ ಹಿಡಿದರು. ಹೆಂಡತಿ ಸೌಮ್ಯ ಎಡಿಟಿಂಗ್ ಕಲಿತು ಮನೆಯ ಹಿಂದಿನ ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡರು. ಮಳೆಯಲ್ಲಿ ಕ್ಯಾಮೆರಾಕ್ಕೆ ಹೊದಿಸುವ ಅಂಗಿಯನ್ನು ಮಾವನ ಅಂಗಡಿಯ ಟಾರ್ಪಾಲಿನಲ್ಲಿ ಹೊಲಿದವರೂ ಅವರೇ. ನೋಡಲು ಚಂದವಿಲ್ಲ, ಆದರೆ ಒಂದು ಹನಿಯೂ ಒಳಗೆ ಹೋಗುವುದಿಲ್ಲ.

ನಲವತ್ತು ದಾಟಿದ ಮೇಲೆ ನಿರ್ದೇಶಕ ಉಮೇಶ್ ಕರೆದು 'ಕೆಳಗಿನ ತೋಟ' ಕೊಟ್ಟರು. ಈ ವರ್ಷ ಜೂನಿನಲ್ಲಿ, ಕೊಡೆ ಹಿಡಿದರೂ ನೆನೆಯುವ ಮಳೆಯಲ್ಲಿ ಅದು ಬಿಡುಗಡೆಯಾಯಿತು. ತಾಯಿ ಶಿವಗಂಗಮ್ಮ ಚಿಕ್ಕಮಗಳೂರಿಗೆ ಹೋಗಿ ಒಂದೇ ವಾರದಲ್ಲಿ ಎರಡು ಸಲ ನೋಡಿದರು. ಎರಡನೆಯ ಸಲ ಏಕೆ ಹೋದಿರಿ ಎಂದು ಕೇಳಿದೆ.

"ಮೊದಲ್ನೇ ಸಲ ಮಗ ಎಲ್ಲಿ ಬರ್ತಾನೆ ಅಂತ ಹುಡುಕ್ತಾ ಇದ್ದೆ. ಒಂದು ಕಡೆನೂ ಕಾಣ್ಲಿಲ್ಲ, ಬೇಜಾರಾಯ್ತು. ಸೊಸೆ ಹೇಳಿದ್ಲು, ಅತ್ತೆ, ನಿಮಗೆ ಕಂಡಿದ್ದೆಲ್ಲ ಅವರು ಕಂಡಿದ್ದೇ ಅಂತ. ಹಂಗಾರೆ ಸರಿಯಾಗಿ ನೋಡ್ಬೇಕಲ್ಲ ಅಂತ ಮತ್ತೆ ಹೋದೆ." ಇಷ್ಟು ಹೇಳಿ ಅವರು ಸೆರಗಿನಿಂದ ಕನ್ನಡಕ ಒರೆಸಿಕೊಂಡರು. ಸಿನಿಮಾ ವಿಮರ್ಶೆ ಬರೆಯುವ ನಮ್ಮಂಥವರು ಛಾಯಾಗ್ರಹಣಕ್ಕೆ ಕಡೆಯಲ್ಲಿ ಒಂದು ಸಾಲು ಬರೆದು ಕೈತೊಳೆದುಕೊಳ್ಳುತ್ತೇವೆ. ಆ ತಾಯಿ ಅದಕ್ಕಾಗಿ ಇನ್ನೊಂದು ಟಿಕೆಟ್ಟು ತೆಗೆದುಕೊಂಡಿದ್ದಾರೆ.

ಆ ಸಿನಿಮಾ ಆದಮೇಲೆ ಪ್ರಸಾದ್ ಅವರಿಗೆ ಇನ್ನೊಂದು ಸಿಕ್ಕಿಲ್ಲ. ಕೆಲಸ ಗೊತ್ತಿಲ್ಲ ಎಂದು ಯಾರೂ ಹೇಳುತ್ತಿಲ್ಲ. ಶೂಟಿಂಗ್ ನಿಲ್ಲಿಸುವ ಮನುಷ್ಯ ಎಂಬ ಮಾತು ಗಾಂಧಿನಗರದಲ್ಲಿ ಓಡಾಡುತ್ತಿದೆ. ಮಾತು ಸುಳ್ಳೂ ಅಲ್ಲ. ಏನಾಯಿತು ಎಂದು ತಿಳಿಯಲು ಜಾವಳಿ ಕಡೆ ತಿಮ್ಮಮ್ಮನವರ ತೋಟಕ್ಕೆ ಹೋಗಬೇಕು. ಮದುವೆ ಜೋಡಿಯನ್ನು ಕಳಿಸಿ ನಾವು ಅಲ್ಲಿಗೇ ಹೊರಟೆವು.

ತಿಮ್ಮಮ್ಮನವರದು ಇಳಿಜಾರಿನಲ್ಲಿರುವ ಸಣ್ಣ ರೊಬಸ್ಟಾ ಕಾಫಿ ತೋಟ. ಗಂಡ ಹೋದ ಮೇಲೆ ಅವರೇ ನೋಡಿಕೊಳ್ಳುತ್ತಿದ್ದಾರೆ. ದೊಡ್ಡ ಎಸ್ಟೇಟಿನವರಂತೆ ಅವರಿಗೆ ಸ್ಪ್ರಿಂಕ್ಲರ್ ಇಲ್ಲ, ಹೂವಿಗೆ ಆಕಾಶವನ್ನೇ ನಂಬಿದವರು. ಕಳೆದ ವರ್ಷ ಫೆಬ್ರವರಿಯಲ್ಲಿ 'ಕೆಳಗಿನ ತೋಟ'ದ ತಂಡ ಇಲ್ಲಿಗೆ ಬಂತು. ನಾಯಕಿ ಮಳೆಯಲ್ಲಿ ತೋಟದ ನಡುವೆ ನಡೆದು ಹೋಗುವ ದೃಶ್ಯ. ಬೇಸಿಗೆಯಲ್ಲಿ ಮಳೆ ಎಲ್ಲಿಂದ ಬರಬೇಕು? ಪಕ್ಕದ ಎಸ್ಟೇಟಿನಿಂದ ಪಂಪು, ಪೈಪು, ಸ್ಪ್ರಿಂಕ್ಲರ್ ಬಾಡಿಗೆಗೆ ತಂದು ಕೆರೆ ನೀರು ಹಾರಿಸಿದರು. ಜಾಗ ಆರಿಸಿದ್ದು ಪ್ರಸಾದ್. ಸಂಜೆ ಬಿಸಿಲು ಇಳಿಜಾರಿನ ಹಿಂದಿನಿಂದ ಬಂದಾಗ ಇಲ್ಲಿ ಒಂದೊಂದು ಹನಿಯೂ ಬೇರೆ ಬೇರೆಯಾಗಿ ಹೊಳೆಯುತ್ತದೆ. ಉಮೇಶ್ ಸಾಕು ಎಂದ ಮೇಲೂ ಇನ್ನೊಂದು ಟೇಕ್, ಮತ್ತೂ ಒಂದು ಟೇಕ್ ಎಂದು ನೀರು ಬಿಡಿಸಿದವರು ಅವರೇ.

"ಲಾಡ್ಜಿಗೆ ಹೋಗಿ ತೆಗೆದಿದ್ದನ್ನ ಹಾಕ್ಕೊಂಡು ನೋಡ್ತಾ ಇದ್ವಿ. ಎಲ್ಲರೂ ಹೀರೋಯಿನ್ ಮುಖ ನೋಡ್ತಿದ್ರು. ನಂಗೆ ಪಕ್ಕದಲ್ಲಿ ನೀರು ತೊಟ್ಟಿಕ್ಕೋ ಮೊಗ್ಗು ಕಾಣ್ತು" ಎನ್ನುತ್ತಾರೆ ಪ್ರಸಾದ್. "ಮಾಡಿದ ತಪ್ಪು ಹೊಳೀತು. ಕಾಫಿ ಮೊಗ್ಗು ಆಗ ನಿದ್ದೆ ಮಾಡ್ತಿರ್ತದೆ. ಒಂದು ಒಳ್ಳೆ ಹೂಮಳೆ ಬಿದ್ರೆ ಎದ್ದು ಅರಳ್ತದೆ. ಅರೆಬರೆ ನೀರು ಬಿದ್ರೆ ಎಚ್ಚರ ಆಗ್ತದೆ, ಅರಳೋಕೆ ಶಕ್ತಿ ಇರಲ್ಲ, ಅಲ್ಲೇ ಒಣಗ್ತದೆ. ಆ ಇಳಿಜಾರಿನ ವರ್ಷದ ಫಸಲೇ ಹೋಯ್ತು ಅಂತ ಲೆಕ್ಕ. ತೋಟದ ಊರಲ್ಲಿ ಹುಟ್ಟಿ ಇಷ್ಟೂ ಗೊತ್ತಿರ್ಲಿಲ್ವಾ ಅಂತ ನೀವು ಕೇಳ್ಬಹುದು. ಗೊತ್ತಿತ್ತು. ಕ್ಯಾಮೆರಾಕ್ಕೆ ಕಣ್ಣಿಟ್ಟ ಮೇಲೆ ಮರ್ತೇ ಹೋಯ್ತು."

ಮರೆತವರು ಅವರೊಬ್ಬರೇ ಅಲ್ಲ. ತೋಟದ ಯಜಮಾನಿ ಆ ದಿನ ಅಲ್ಲೇ ಕುರ್ಚಿ ಹಾಕಿಕೊಂಡು ಶೂಟಿಂಗ್ ನೋಡುತ್ತಿದ್ದರು. "ಆ ಹುಡುಗಿ ಮತ್ತೆ ಮತ್ತೆ ಒದ್ದೆ ಆಗ್ತಿದ್ಲಲ್ಲ, ಶೀತ ಆಗ್ತದೆ ಅಂತ ನಂಗೆ ಅದೇ ಯೋಚ್ನೆ. ಕಷಾಯ ಬೇರೆ ಕಾಯಿಸಿ ತಂದೆ. ನನ್ನ ತೋಟ ನೆನೀತಿದೆ ಅಂತ ತಲೆಗೇ ಹೋಗ್ಲಿಲ್ಲ ನೋಡಿ" ಎಂದು ತಿಮ್ಮಮ್ಮ ಈಗಲೂ ತಮ್ಮನ್ನೇ ಬೈದುಕೊಳ್ಳುತ್ತಾರೆ.

ಉಳಿಸಲು ಒಂದೇ ದಾರಿ ಇತ್ತು. ಅರೆ ನೆನೆದ ತೋಟವನ್ನು ತಡಮಾಡದೆ ಪೂರ್ತಿ ನೆನೆಸಬೇಕು. ಅದು ಟೇಕಿನ ಹೊತ್ತಿನಲ್ಲಿ ಆಗುವ ಕೆಲಸವಲ್ಲ. ಒಂದೊಂದು ಜಾಗದಲ್ಲೂ ಗಂಟೆಗಟ್ಟಲೆ ನೀರು ಹಾರಿಸಿ ಪೈಪು ಮುಂದಕ್ಕೆ ಹಾಕಬೇಕು. ಆದರೆ ಮರುದಿನ ಬೆಳಿಗ್ಗೆ ಪಂಪು ಕಳಸದ ಕಡೆ ಹೋಗುವುದಿತ್ತು. ಅಲ್ಲಿ ಕಥೆಯ ಮುಖ್ಯವಾದ ಇನ್ನೊಂದು ಮಳೆ ದೃಶ್ಯ. ನಾಯಕಿಯ ಕಾಲ್‌ಶೀಟಿನಲ್ಲಿ ಉಳಿದಿದ್ದು ಅದೊಂದೇ ದಿನ. ಪೈಪು ತುಂಬಲು ಟ್ರ್ಯಾಕ್ಟರ್ ಬಂದಾಗ ಪ್ರಸಾದ್ ಅದರ ಮುಂದೆ ನಿಂತು, ಪಂಪು ಇಲ್ಲಿಂದ ಅಲ್ಲಾಡುವುದಿಲ್ಲ ಎಂದುಬಿಟ್ಟರು.

ಆಗ ಉಮೇಶ್ ಅವರಿಗೆ ಸಹ ನಿರ್ದೇಶಕಿಯಾಗಿದ್ದ ರೂಪಶ್ರೀ ಅದನ್ನು ಕಣ್ಣಾರೆ ಕಂಡವರು. ಅವರನ್ನು ಬೆಂಗಳೂರಿನಲ್ಲಿ ಭೇಟಿಯಾಗಿದ್ದೆ. "ಪ್ರೊಡ್ಯೂಸರ್ ಫೋನಲ್ಲೇ ಕೇಳಿದ್ರು, ನೀನು ಕ್ಯಾಮೆರಾಮನ್ನೋ, ಎಸ್ಟೇಟಿನ ಲೆಕ್ಕ ಬರೆಯೋ ರೈಟ್ರೋ ಅಂತ. ಪ್ರಸಾದ್ ಸರ್ ಫೋನ್ ಜೇಬಿಗೆ ಹಾಕಿದ್ರು. ಪ್ಯಾಂಟು ಮಡಚಿ ಪೈಪ್ ಎತ್ತೋಕೆ ಹೋದ್ರು. ಸ್ವಲ್ಪ ಹೊತ್ತು ನೋಡಿ ಲೈಟಿನ ಹುಡುಗರೂ ಹೋದ್ರು. ಆಮೇಲೆ ನಾನೂ ಹೋದೆ" ಎಂದರು ರೂಪಶ್ರೀ. ಆ ದಿನ ಒಂದು ಶಾಟೂ ಆಗಲಿಲ್ಲ. ಸಂಜೆಗೆ ತೋಟ ಪೂರ್ತಿ ನೆನೆದಿತ್ತು, ಕಳಸದ ದೃಶ್ಯ ಶಾಶ್ವತವಾಗಿ ಕೈತಪ್ಪಿಹೋಗಿತ್ತು.

ಇದನ್ನು ಪ್ರಸಾದ್ ಸಾಹಸವೆಂದು ಹೇಳಿಕೊಳ್ಳುವುದಿಲ್ಲ. "ಆ ಸೀನು ಇದ್ದಿದ್ರೆ ಪಿಚ್ಚರ್ ಇನ್ನೂ ಚೆನ್ನಾಗಾಗ್ತಿತ್ತು. ಪ್ರೊಡ್ಯೂಸರ್ ಸಿಟ್ಟು ಮಾಡಿದ್ದು ತಪ್ಪಲ್ಲ. ತಪ್ಪು ನಂದೇ. ಆದ್ರೆ ನನ್ನ ತಪ್ಪಿಗೆ ತಿಮ್ಮಮ್ಮಕ್ಕನ ಫಸಲು ಹೋಗೋದು ಹೆಂಗೆ?"

ತಂಡ ಊರು ಬಿಟ್ಟು ವಾರ ಕಳೆದಿತ್ತು. ಒಂದು ರಾತ್ರಿ ಊಟದ ಹೊತ್ತಿಗೆ ತಿಮ್ಮಮ್ಮ ಫೋನ್ ಮಾಡಿ, "ಪ್ರಸಾದ, ಮೊಗ್ಗು ಬೆಳ್ಳಗಾಗಿದೆ, ಬೆಳಿಗ್ಗೆ ಅರಳ್ತದೆ, ಬಾ" ಎಂದರು. ಸಿನಿಮಾದ ಕ್ಯಾಮೆರಾ ಬೆಂಗಳೂರಿಗೆ ವಾಪಸ್ ಹೋಗಿತ್ತು. ಮದುವೆಗೆ ಒಯ್ಯುವ ಕ್ಯಾಮೆರಾವನ್ನೇ ಸ್ಕೂಟರಿನಲ್ಲಿ ಇಟ್ಟುಕೊಂಡು, ಹಿಂದೆ ಸ್ಟ್ಯಾಂಡು ಹಿಡಿದ ಸೌಮ್ಯರನ್ನು ಕೂರಿಸಿಕೊಂಡು ಬೆಳಕು ಹರಿಯುವ ಮುಂಚೆ ಬಂದರು. ಸುತ್ತಮುತ್ತ ಎಲ್ಲ ತೋಟ ಹಸಿರಾಗಿರುವಾಗ ಇದೊಂದೇ ಇಳಿಜಾರು ಬೆಳ್ಳಗೆ ಅರಳಿ ನಿಂತಿತ್ತು. ಜೇನುನೊಣಗಳ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಆ ಬೆಳಗಿನ ಚಿತ್ರಣವನ್ನು ಉಮೇಶ್ ಕಳೆದುಹೋದ ದೃಶ್ಯದ ಜಾಗಕ್ಕೆ ಇಟ್ಟರು. ಸಿನಿಮಾ ನೋಡದ ಗಗನಾಳಂಥವರ ಫೋನಿನಲ್ಲೂ ಓಡಾಡುತ್ತಿರುವುದು ಅದೇ. ನಾನದನ್ನು ಥಿಯೇಟರಿನಲ್ಲಿ ನೋಡಿದಾಗ ಕಣ್ಣು ತುಂಬಿತ್ತು, ಕಾರಣ ಆಗ ಗೊತ್ತಿರಲಿಲ್ಲ.

ಈಗ ರೂಪಶ್ರೀ ತಮ್ಮದೇ ಮೊದಲ ಸಿನಿಮಾಕ್ಕೆ ಸಿದ್ಧರಾಗಿದ್ದಾರೆ. ಮಳೆಗಾಲದಲ್ಲಿ ಎಸ್ಟೇಟ್ ರಸ್ತೆಗಳಲ್ಲಿ ಜೀಪು ಓಡಿಸುವ ಒಬ್ಬ ಹೆಂಗಸಿನ ಕಥೆ. ಛಾಯಾಗ್ರಹಣಕ್ಕೆ ಪ್ರಸಾದ್ ಅವರೇ ಬೇಕು ಎಂದು ಹಟ ಹಿಡಿದಿದ್ದಾರೆ. ಬೇರೊಬ್ಬ ನಿರ್ಮಾಪಕರು ಒಪ್ಪುವ ಹಂತದಲ್ಲಿದ್ದಾರೆ, ಆದರೆ ಅವರ ಕಿವಿಗೂ ಪಂಪಿನ ಕಥೆ ಬಿದ್ದಿದೆ. ಪ್ರಸಾದ್ ಇದನ್ನೆಲ್ಲ ನನಗೆ ಹೇಳುತ್ತ, ತಿಮ್ಮಮ್ಮನವರ ಜಗಲಿಯಲ್ಲಿ ಕಡುಬು ಮುರಿಯುತ್ತಿರುವಾಗಲೇ ಅವರ ಫೋನು ಹೊಡೆದುಕೊಳ್ಳುತ್ತದೆ. ರೂಪಶ್ರೀಯೇ. ಕೈ ಎಂಜಲಾದ್ದರಿಂದ ಸ್ಪೀಕರಿಗೆ ಹಾಕುತ್ತಾರೆ.

"ಸರ್, ಪ್ರೊಡ್ಯೂಸರ್ ಹತ್ರ ಕೂತಿದೀನಿ. ಅವರದು ಒಂದೇ ಮಾತು. ಏನೇ ಆದ್ರೂ ಶೂಟಿಂಗ್ ನಿಲ್ಲಿಸಲ್ಲ ಅಂತ ನೀವು ಹೇಳ್ಬೇಕಂತೆ. ಹೇಳಿಬಿಡಿ ಸರ್, ಇವತ್ತೇ ಮುಗಿಸಿಬಿಡೋಣ."

ಪ್ರಸಾದ್ ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ಇಡುತ್ತಾರೆ. ಬೆಂಗಳೂರಿನಲ್ಲಿ ಪೆಟ್ಟಿಗೆ ಹೊತ್ತ ಕಾಲದಿಂದ ಕಾದಿದ್ದು ಇಂಥ ಒಂದು ಫೋನಿಗೆ. ತಿಮ್ಮಮ್ಮ ಬಾಗಿಲಿಂದಲೇ ಕೈಸನ್ನೆ ಮಾಡುತ್ತಾರೆ, ದನಿ ತಗ್ಗಿಸಿ, "ಹೂಂ ಅನ್ನು ಮಾರಾಯ. ನನ್ನ ತೋಟದ್ದು ಮುಗೀತಲ್ಲ" ಎನ್ನುತ್ತಾರೆ.

"ಮೇಡಂ, ಬಿಸಿಲು ಬರ್ಲಿಲ್ಲ, ಮಂಜು ಬರ್ಲಿಲ್ಲ ಅಂತ ನಿಲ್ಲಿಸಲ್ಲ. ನನಗೆ ಜ್ವರ ಬಂದ್ರೂ ನಿಲ್ಲಿಸಲ್ಲ" ಎಂದು ಪ್ರಸಾದ್ ನಿಧಾನಕ್ಕೆ ಹೇಳುತ್ತಾರೆ. "ಆದ್ರೆ ಒಬ್ಬರ ತೋಟ ನಮ್ಮಿಂದ ಹಾಳಾಗ್ತದೆ ಅಂದ್ರೆ ನಿಲ್ಲಿಸ್ತೀನಿ. ಈಗ ನಿಲ್ಲಿಸಲ್ಲ ಅಂದು, ಅಲ್ಲಿ ಬಂದು ನಿಲ್ಲಿಸಿದ್ರೆ ಅವರಿಗೆ ಮೋಸ ಮಾಡ್ದಂಗೆ. ಇದನ್ನ ಹಿಂಗೇ ಹೇಳಿ ಅವರಿಗೆ."

"ಹಿಂಗೇ ಹೇಳ್ತೀನಿ ಸರ್" ಎಂದು ರೂಪಶ್ರೀ ಫೋನ್ ಇಡುತ್ತಾರೆ. ಈ ಲೇಖನ ಅಚ್ಚಿಗೆ ಹೋಗುವವರೆಗೆ ನಿರ್ಮಾಪಕರಿಂದ ಉತ್ತರ ಬಂದಿಲ್ಲ.

ತಿಮ್ಮಮ್ಮನವರಿಗೆ ಸಿಟ್ಟು ಬಂದಿದೆ. "ಒಂದು ಹೂಂ ಅನ್ನೋಕೆ ಎಂತ ಆಗ್ತಿತ್ತು ಇವನಿಗೆ" ಎಂದು ಗೊಣಗುತ್ತಲೇ ಒಳಗಿನಿಂದ ಕಾಫಿ ತಂದು ಅವರ ಮುಂದೆ ಇಡುತ್ತಾರೆ. ಆಸೆ ಇಲ್ಲವೇ ಎಂದು ನಾನು ಕೇಳುತ್ತೇನೆ.

"ಆಸೆ ಇಲ್ಲ ಅಂದ್ರೆ ಸುಳ್ಳಾಗ್ತದೆ. ಆ ಜೀಪಿನ ಹೆಂಗಸಿನ ಮುಖಕ್ಕೆ ಮಳೆಗಾಲದ ಬೆಳಕು ಹೆಂಗೆ ಬೀಳ್ಬೇಕು ಅಂತ ದಿನಾ ಯೋಚ್ನೆ ಮಾಡ್ತಿರ್ತೀನಿ. ನಿಜವಾದ ಮಳೆಲೇ ತೆಗೀಬೇಕು ಅಂತಿದೆ." ಪ್ರಸಾದ್ ಲೋಟ ಎತ್ತಿಕೊಂಡು ಒಂದು ಗುಟುಕು ಕುಡಿಯುತ್ತಾರೆ. "ಬೇರೆ ಥರ ಹೇಳಿದ್ರೆ ಪಿಚ್ಚರ್ ಸಿಗ್ತಿತ್ತೋ ಏನೋ. ಈ ಮನೆ ಕಾಫಿ ಮಾತ್ರ ಗಂಟಲಲ್ಲಿ ಇಳೀತಿರ್ಲಿಲ್ಲ."