ಹಗಲು ನಾಟಕದ ದೊರೆ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನೆಲ್ಯಹುದಿಕೇರಿ ಬಳಿಯ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್. ಹಾಸನದ ಕಡೆಯಿಂದ ಬಂದ ಒಂಟಿ ಪ್ರಾಣಿ. ಬೆಳಿಗ್ಗೆ ಆಳುಗಳ ಹಾಜರಿ ಕೂಗಿದರೆ ಮುಗಿಯಿತು, ಆಮೇಲೆ ನನ್ನನ್ನು ಮಾತಾಡಿಸುವ ನರಪಿಳ್ಳೆಯೂ ಇರಲಿಲ್ಲ. ವರ್ಷಕ್ಕೊಮ್ಮೆ ನಮ್ಮ ನಾಟಕ ಸಂಘದವರು ತಲೆಗೆ ದೊರೆಯ ಕಿರೀಟ ಇಟ್ಟಾಗ ಮಾತ್ರ ನಾನೂ ಊರಿನವನು. ಆಮೇಲೆ ತಿಂಗಳುಗಟ್ಟಲೆ ಆಳುಗಳ ಲೈನುಮನೆಯ ಹೆಂಗಸರು "ದೊರೆ ಬಂದ್ರು, ದೊರೆ ಬಂದ್ರು" ಎಂದು ನಗುತ್ತಿದ್ದರು. ಆ ನಗುವಿಗಾಗಿಯೇ ನಾನು ವರ್ಷವಿಡೀ ಕಾಯುತ್ತಿದ್ದೆ.

ನಮ್ಮದು ಟಿಕೆಟ್ ಇಲ್ಲದ ನಾಟಕ. ಸುತ್ತಲಿನ ಪ್ಲಾಂಟರುಗಳು ಹಲಗೆ, ಪರದೆ, ಗ್ಯಾಸ್‌ಲೈಟು, ಊಟ ಎಂದು ಒಬ್ಬೊಬ್ಬರು ಒಂದೊಂದನ್ನು ವಹಿಸಿಕೊಳ್ಳುವುದು ರೂಢಿ. ಆ ವರ್ಷ ಕಾಳುಮೆಣಸಿನ ಬೆಲೆ ನೆಲ ಕಚ್ಚಿತು. ಹೋದ ಮನೆಯಲ್ಲೆಲ್ಲ ಕೂರಿಸಿ ಕಾಫಿ ಕೊಟ್ಟರು, ಈ ಸಲ ಆಗುವುದಿಲ್ಲ ಎಂದರು. ಕೊನೆಗೆ ಸಿಕ್ಕಿದವನು ಒಬ್ಬ ಮರದ ಕಂಟ್ರಾಕ್ಟರ್.

"ಖರ್ಚೆಲ್ಲ ನಂದು. ದೊರೆ ಪಾರ್ಟು ಮಾತ್ರ ನಂಗೆ ಕೊಡಿ" ಎಂದ.

ಸಂಘದವರೆಲ್ಲ ನನ್ನ ಮುಖ ನೋಡಿದರು. ಆಗದು ಎನ್ನಬೇಕೆನಿಸಿತು. ಆದರೆ ನಾಟಕವೇ ನಿಂತುಹೋದರೆ? "ಅದಕ್ಕೇನಂತೆ, ಕೊಡಿ" ಎಂದುಬಿಟ್ಟೆ. ನನಗೆ ಸೈಡ್ ಪರದೆಯ ಹಿಂದೆ ನಿಂತು ಮಾತು ಹೇಳಿಕೊಡುವ ಕೆಲಸ ಸಿಕ್ಕಿತು.

ಪುಣ್ಯಾತ್ಮ ಅಲ್ಲೂ ಜಿಪುಣತನ ಬಿಡಲಿಲ್ಲ. ಗ್ಯಾಸ್‌ಲೈಟು ದಂಡ ಎಂದು ಕಾಫಿ ಒಣಗಿಸುವ ಕಣದಲ್ಲಿ ಮಟಮಟ ಮಧ್ಯಾಹ್ನ ನಾಟಕ ಇಡಿಸಿದ. ಬಿಸಿಲಿಗೆ ಎಲ್ಲರ ಬಣ್ಣ ಕರಗಿ ಕೊರಳಿಗಿಳಿಯಿತು. ನಾನು ಪುಸ್ತಕ ಹಿಡಿದು, ಅವನು ಮರೆಯಲಿ, ಒಂದು ಮಾತಾದರೂ ಮರೆಯಲಿ ಎಂದು ಕಾದೆ. ನನ್ನ ದನಿಯಾದರೂ ಆ ಜನಕ್ಕೆ ಕೇಳಿಸಲಿ ಎಂಬ ಆಸೆ. ಅವನು ಒಂದಕ್ಷರ ಮರೆಯಲಿಲ್ಲ. ಚೆನ್ನಾಗಿಯೇ ಮಾಡಿದ, ಹಾಳಾದವನು! ಚಪ್ಪಾಳೆ ಬಿದ್ದಾಗ ಪರದೆಯ ಹಿಂದೆ ನಾನೂ ತಟ್ಟಿದೆ. ಅಳು ಬರುತ್ತಿತ್ತು.

ಮಾರನೆಯ ದಿನ ಹಾಜರಿ ಕೂಗುತ್ತಿದ್ದೆ. ಕಾಫಿ ಹಣ್ಣಿನ ಪಿಕಿಂಗಿಗೆ ಬಂದ ಹೆಂಗಸೊಬ್ಬಳು ಕೇಳಿದಳು:

"ಏನ್ ರೈಟ್ರೇ, ನಿನ್ನೆ ನಾಟ್ಕಕ್ಕೆ ಬರ್ಲೇ ಇಲ್ಲ? ಊರಿಗೆ ಹೋಗಿದ್ರಾ?"

"ಇಲ್ಲಮ್ಮ, ಅಲ್ಲೇ ಇದ್ದೆನಲ್ಲ."

"ಅಯ್ಯೋ, ಸುಳ್ಳು ಹೇಳ್ಬೇಡಿ. ನಾಟ್ಕ ಮುಗಿಯೋವರ್ಗೂ ನಾವೆಲ್ಲ ನಿಮ್ಮನ್ನೇ ಹುಡುಕ್ತಿದ್ವಿ."

ಹಾಜರಿ ಪುಸ್ತಕಕ್ಕೆ ತಲೆ ತಗ್ಗಿಸಿ ಮುಂದಿನ ಹೆಸರು ಕೂಗಿದೆ.