ರಾಜಕುಮಾರಿಗೆ ಉಡಿ ತುಂಬಿದ್ದು

ಗೆಳೆಯರೇ, ಮರಾಠಿಯಿಂದ ಅನುವಾದವಾದ ಐತಿಹಾಸಿಕ ಪ್ರೇಮಕಾದಂಬರಿಯೊಂದನ್ನು ಇವತ್ತು ಬಾಗೇವಾಡಿಯ ವಾಚನಾಲಯಕ್ಕೆ ಮರಳಿಸಬೇಕಿತ್ತು. ಅತ್ತೆ ಕೊಡಲೊಲ್ಲರು. ಮಧ್ಯಾಹ್ನ ಅವರು ಶಾವಿಗೆ ಹೊಸೆಯುವಾಗ ನಾನೇ ಅದನ್ನು ಓದಿ ಹೇಳುತ್ತಿದ್ದೆ. ನಿನ್ನೆ ಕಡೆಯ ಪುಟದಲ್ಲಿ ರಾಜಕುಮಾರಿ ಪ್ರಿಯಕರನ ಕುದುರೆಯೇರಿ ನಸುಕಿನ ಮಂಜಿನಲ್ಲಿ ಕೋಟೆ ದಾಟಿದಳು. ಗೊರಸಿನ ಸಪ್ಪಳ ನಮ್ಮಿಬ್ಬರಿಗೂ ಇನ್ನೂ ಕೇಳುತ್ತಿದೆ.

“ತಾಯಿಲ್ಲದ ಹುಡುಗಿ. ಬರೇ ಉಡೀಲೆ ಹ್ಯಾಂಗ ಕಳಸೂದು?”

“ಅತ್ತಿ, ಅದು ಪುಸ್ತಕರಿ! ಬಸ್ ಹೋಗತೈತಿ.”

“ಹೋಗ್ಲಿ. ಇಷ್ಟ ದಿನಾ ನಮ್ಮ ಮನ್ಯಾಗ ಇದ್ದಾಕಿ.”

ಹೊರಟು ನಿಂತ ಮಗಳಿಗೆ ಮಾಡುವಂತೆ, ಪುಸ್ತಕದ ಮೇಲೆ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ ಇಟ್ಟು ಉಡಿ ತುಂಬಿದರು.

ಬಸ್ಸಿನಲ್ಲಿ ತೆರೆದು ನೋಡಿದರೆ ಹಾಳೆಗಳ ನಡುವೆ ಅಕ್ಕಿಕಾಳುಗಳಿದ್ದವು. ಅನುವಾದಕರು ಮೂಲದಲ್ಲಿಲ್ಲದ ಒಂದು ಪದ ಸೇರಿಸಿದರೂ ನಾನು ಒಪ್ಪುವವಳಲ್ಲ. ಆ ಕಾಳುಗಳನ್ನು ಮಾತ್ರ ಕೊಡವದೆ ಮರಳಿಸಿದೆ.