ನೆಲದ ಮೇಲಿನ ಚಿತ್ರಗಳು

ಸಿಂದಗಿಯ ನಮ್ಮ ಡ್ರಾಯಿಂಗ್ ಮಾಸ್ತರರು ಇಟಲಿಯ ಒಂದು ಚರ್ಚಿನ ಗುಮ್ಮಟವನ್ನು ಕ್ಯಾಲೆಂಡರಿನ ಚಿತ್ರ ನೋಡಿ ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತಿದ್ದರು. "ತಡಿ, ಮೊದಲ ನೋಡು, ಆಮ್ಯಾಲ ಗೆರಿ ಹಾಕು" ಎನ್ನುವುದು ಅವರ ದಿನದ ಮಾತು. ಅವರು ನಿವೃತ್ತರಾದ ಮೇಲೆ ಪ್ರವಾಸದ ಗುಂಪಿನೊಂದಿಗೆ ಅವರೂ ನಾನೂ ಆ ಚರ್ಚಿಗೆ ಹೋದೆವು. ಒಳಗಿರಲು ಅರ್ಧ ಗಂಟೆ ಮಾತ್ರ.

ನೆಲದ ತುಂಬ ಅಮೃತಶಿಲೆಯಲ್ಲಿ ಕೊರೆದ ಮನುಷ್ಯರ ಚಿತ್ರಗಳಿದ್ದವು. ಮಾಸ್ತರರು ಬೂಟು ಕಳಚಿ ಕಂಕುಳಲ್ಲಿಟ್ಟುಕೊಂಡರು. ಕಾಲು ತಾಗಿದ ಪುಸ್ತಕಕ್ಕೆ ಮಾಡುವಂತೆ, ಒಂದೊಂದು ಚಿತ್ರವನ್ನೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತ ಸಾಗಿದರು.

"ಲಗೂ ಬರ್ರಿ ಸರ್, ಗುಮ್ಮಟ ಅಲ್ಲೈತಿ. ಎಲ್ಲಾರೂ ತುಳಕೋತನ ಹೊಂಟಾರ."

"ಅವರ್ಯಾರೂ ಎಂದೂ ಚಿತ್ರಾ ಬರದಿಲ್ಲೋ ತಮ್ಮಾ. ನೀ ನಡಿ."

ಹೊರಡುವ ಹೊತ್ತಾದಾಗ ಅವರಿನ್ನೂ ಅರ್ಧ ದಾರಿಯಲ್ಲಿದ್ದರು. ಅಲ್ಲಿಂದಲೇ ಒಮ್ಮೆ ಗುಮ್ಮಟದತ್ತ ಕತ್ತೆತ್ತಿದರೆಂದು ನನ್ನ ನೆನಪು. ಆದರೆ ಆಗ ಗುಮ್ಮಟದ ಕೆಳಗೆ ಕತ್ತೆತ್ತಿ ನಿಂತಿದ್ದವನು ನಾನು, ಅವರನ್ನು ನೋಡಿರಲಾರೆ.